ಉಪ್ಪು ಒದ್ದೆಯಾಗಿ, ಕಹಿ ಬರುತ್ತಿದ್ದುದು ಸರಿಹೋಯಿತು

ಕಡಲನೀರನ್ನು ಬಿಸಿಲಲ್ಲಿ ಆರಿಸಿ ತೆಗೆದ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈ ಪಸೆಪಸೆ. ನಾಲಿಗೆಯ ತುದಿಗೆ ಕಹಿ. ಇದು ಕಡಲನೀರಿನಲ್ಲೇ ಇರುವ ಇನ್ನೊಂದು ಲವಣ, ಮೆಗ್ನೀಸಿಯಂ ಕ್ಲೋರೈಡಿನ ಕೆಲಸ, ಗಾಳಿಯ ತೇವ ಹೀರುವುದು ಅದೇ. ಉತ್ತರ ಕನ್ನಡದ ಸಾಣಿಕಟ್ಟೆಯಂಥ ಕಡಲಂಚಿನ ಆಗರಗಳಲ್ಲಿ (ಉಪ್ಪು ತೆಗೆಯುವ ಗದ್ದೆಗಳಲ್ಲಿ) ಗಾಳಿಯಲ್ಲೇ ತೇವವಿರುವುದರಿಂದ ತೊಂದರೆ ಬೇಗ ಕಾಣುತ್ತದೆ.

ತಪ್ಪಿದ್ದದ್ದು ಎರಡು ಕಡೆ. ಉಪ್ಪುನೀರನ್ನು 20 ಡಿಗ್ರಿ ಬೋಮೆಗೇ (ಬೋಮೆ ಎಂದರೆ ನೀರಿನ ಸಾಂದ್ರತೆಯ ಅಳತೆ) ಉಪ್ಪು ಹರಳುಗಟ್ಟುವ ಕೊನೆಯ ಮಡಿಗೆ, ಅಂದರೆ ಹರಳು ಮಡಿಗೆ ಬಿಡುತ್ತಿದ್ದೆ. ಜಿಪ್ಸಮ್ ಎಂಬ ಕ್ಯಾಲ್ಸಿಯಂ ಲವಣ ಸುಮಾರು 13ರಿಂದ 25 ಡಿಗ್ರಿಯೊಳಗೆ ತಳಕ್ಕೆ ಇಳಿಯುವಂಥದ್ದು. ಅದು ಹಿಂದಿನ ಮಡಿಯಲ್ಲೇ ಉಳಿಯಬೇಕು. ಈಗ 25 ತಲುಪಿದ ಮೇಲಷ್ಟೇ ಬಿಡುತ್ತೇನೆ. ಕೊನೆಯ ಹನಿವರೆಗೂ ಉಪ್ಪು ತೆಗೆಯುವ ಆಸೆಯನ್ನೂ ಬಿಟ್ಟೆ: 29 ದಾಟುವ ಮೊದಲೇ ಕಹಿನೀರನ್ನು, ಅಂದರೆ ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಮೆಗ್ನೀಸಿಯಂ ತುಂಬಿದ ನೀರನ್ನು, ಹೊರಗೆ ಹರಿಸಬೇಕು. ಸ್ವಲ್ಪ ಉಪ್ಪು ಅದರ ಜೊತೆ ಹೋಗುತ್ತದೆ, ಹೋಗಲಿ.

ಬೋಮೆ ಅಳೆಯಲು ನೀರಿನಲ್ಲಿ ತೇಲಿಬಿಡುವ ಮಾಪಕವೂ ಮೋಸ ಮಾಡುತ್ತದೆ. ಮಧ್ಯಾಹ್ನದ ಬಿಸಿನೀರಿನಲ್ಲಿ ಅದು ಕಡಿಮೆ ತೋರಿಸುತ್ತದೆ. ಮಾದರಿಯನ್ನು ನೆರಳಲ್ಲಿ ತಣಿಸಿಯೇ ಓದಿ.

ತೊಳೆಯುವುದಕ್ಕೆ ಸಿಹಿನೀರು ಬೇಡ, ಉಪ್ಪೇ ಕರಗಿ ಹೋಗುತ್ತದೆ. ಹರಳು ಮಡಿಗೆ ಬಿಡುವ ಮುನ್ನಿನ 24–25 ಡಿಗ್ರಿಯ ತಿಳಿ ಉಪ್ಪುನೀರಿನಲ್ಲಿ ಕೆದಕಿ ಉಜ್ಜಿದರೆ ಹರಳಿಗೆ ಅಂಟಿದ ಕಹಿನೀರು, ಜಿಪ್ಸಮ್ ಹುಡಿ ಎರಡೂ ಬಿಡುತ್ತವೆ. ಅದೇ ನೀರನ್ನು ಮತ್ತೆ ಮತ್ತೆ ಬಳಸಿದರೆ ಮೆಗ್ನೀಸಿಯಂ ಅದರಲ್ಲೇ ಸೇರಿಕೊಂಡು ತೊಳೆದದ್ದು ದಂಡ. ಆಮೇಲೆ ಇಳಿಜಾರಿನಲ್ಲಿ ರಾಶಿ ಹಾಕಿ, ತಳದಿಂದ ನೀರು ಬಸಿಯುವುದು ನಿಲ್ಲುವವರೆಗೆ ಮುಟ್ಟಬೇಡಿ.

ಪರೀಕ್ಷೆ ಸುಲಭ: ತೊಳೆದದ್ದು, ತೊಳೆಯದ್ದು ಒಂದೊಂದು ಚಮಚ ಸಮ ನೀರಿನಲ್ಲಿ ಕರಗಿಸಿ, ವಾಷಿಂಗ್ ಸೋಡಾ ದ್ರಾವಣ ಹಾಕಿ. ಯಾವುದು ಹೆಚ್ಚು ಹಾಲಿನಂತಾಗುತ್ತದೋ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನೀರು ಮಾತ್ರ ಬಟ್ಟಿ ಇಳಿಸಿದ್ದಾಗಿರಲಿ, ಬಾವಿನೀರು ತಾನೇ ಬಿಳಿಚುತ್ತದೆ.