2,31,000 ಕಿಲೋಮೀಟರ್ ಓಡಿದ ದೊಡ್ಡ ಎಸ್‌ಯುವಿ ಕೊಂಡ ನನ್ನ ಅನುಭವ

ಬಾನೆಟ್ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು. ಹಿಂದಿನ ರಾತ್ರಿಯೇ ಫೋನ್ ಮಾಡಿ, ನಾನು ಬರೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡಿದ್ದೆ. "ತೊಳೆಯೋಕೆ ಅಂತ ಆಚೆ ತೆಗೆದೆ ಸಾರ್" ಎಂದರು ಮಾರುವವರು. ನಿಜವೇ ಇರಬಹುದು. ಆದರೂ ಅವತ್ತು ನಾನು ಓಡಿಸಿ ನೋಡಲಿಲ್ಲ. "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ, ಹಾಗೇ ನಿಂತಿರಲಿ" ಎಂದು ಹೇಳಿ ವಾಪಸ್ ಬಂದೆ. ಹಳೇ ಗಾಡಿಯ ನಿಜವಾದ ದನಿ ಕೇಳೋದು ರಾತ್ರಿಯೆಲ್ಲ ತಣ್ಣಗೆ ನಿಂತು, ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆದಾಗ. ಬಿಸಿ ಎಂಜಿನ್ ಬಹಳಷ್ಟನ್ನು ಮುಚ್ಚಿಡುತ್ತದೆ.

ಮಾರನೇ ದಿನ ಕೀಲಿ ತಿರುಗಿಸಿದ ಕೂಡಲೇ ಒಂದು ಪಕ್ಕದ ಹಿಂಭಾಗದಿಂದ ಟಿಕ್ ಟಿಕ್ ಟಿಕ್ ಎಂದು ಶುರುವಾಯಿತು. ಹೊಲಿಗೆ ಮೆಷಿನ್ ಓಡಿದ ಹಾಗೆ. ಈ ಗಾಡಿಯಲ್ಲಿರೋದು ವಿ8 ಪೆಟ್ರೋಲ್ ಎಂಜಿನ್. ಹೊರೆ ಕಡಿಮೆ ಇದ್ದಾಗ ಇಂಧನ ಉಳಿಸೋಕೆ ಎಂಟರಲ್ಲಿ ನಾಲ್ಕು ಸಿಲಿಂಡರ್ ತಾನಾಗೇ ನಿಲ್ಲಿಸಿಕೊಳ್ಳುವ ಏರ್ಪಾಡು ಇದೆ. ಆ ಏರ್ಪಾಡಿನ ಲಿಫ್ಟರ್‌ಗಳು (ವಾಲ್ವ್‌ಗಳನ್ನು ಎತ್ತುವ ಸಣ್ಣ ಭಾಗಗಳು) ಕೆಟ್ಟರೂ ಟಿಕ್ ಟಿಕ್ ಅನ್ನುತ್ತವೆ. ಅದು ದೊಡ್ಡ ಕೆಲಸ. ಸಿಲಿಂಡರ್ ಹೆಡ್ ಇಳಿಸಬೇಕು, ಕೆಲವು ಸಲ ಕ್ಯಾಮ್‌ಶಾಫ್ಟ್ ಕೂಡ ಬದಲಿಸಬೇಕು. ಆದರೆ ಇನ್ನೊಂದು ಕಾರಣವೂ ಇದೆ. ಎಂಜಿನ್‌ನ ಹೊಗೆಯನ್ನು ಹೊರಗೆ ಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕೊನೆಯ ಬೋಲ್ಟ್ ಮುರಿದರೂ ಇದೇ ಸದ್ದು. ಬಿಸಿ ಆಗಿ ಆರಿ, ಬಿಸಿ ಆಗಿ ಆರಿ, ವರ್ಷಗಳ ಮೇಲೆ ಬೋಲ್ಟ್‌ನ ತಲೆ ಕಿತ್ತು ಬರುತ್ತದೆ. ಆ ಸಂದಿಯಿಂದ ಹೊಗೆ ಪುಸ್ ಪುಸ್ ಎಂದು ಹೊರಬರೋದೇ ಟಿಕ್ ಎಂದು ಕೇಳಿಸುತ್ತದೆ. ಮ್ಯಾನಿಫೋಲ್ಡ್ ಬಿಸಿಯಾಗಿ ಹಿಗ್ಗಿದರೆ ಸಂದಿ ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ.

ಗಡಿಯಾರ ನೋಡುತ್ತಾ ನಿಂತೆ. ನಾಲ್ಕನೇ ನಿಮಿಷಕ್ಕೆ ಸದ್ದು ಸಣ್ಣದಾಯಿತು, ಆರನೇ ನಿಮಿಷಕ್ಕೆ ಪೂರ್ತಿ ನಿಂತಿತು. ಮೊಬೈಲ್ ಟಾರ್ಚ್ ಹಾಕಿ, ಕನ್ನಡಿ ಹಿಡಿದು ನೋಡಿದೆ. ಕೊನೆಯ ಬೋಲ್ಟ್ ಇರಬೇಕಾದ ಜಾಗದಲ್ಲಿ ತೂತು ಮಾತ್ರ ಇತ್ತು, ಸುತ್ತ ಕಪ್ಪು ಮಸಿ. ನನಗೆ ಸಮಾಧಾನವಾಯಿತು. ಇದು ಒಂದು ದಿನದ ರಿಪೇರಿ. ಹಿಂದಿನ ದಿನದ ಬೆಚ್ಚಗಿನ ಎಂಜಿನ್‌ನಲ್ಲಿ ಈ ಸದ್ದು ಕೇಳಿಸುತ್ತಲೇ ಇರಲಿಲ್ಲ ಅಲ್ವಾ? ಆಮೇಲೆ ಮನೆಗೆ ತಂದ ಮೇಲೆ ಟಿಕ್ ಶುರುವಾಗಿದ್ದರೆ ಲಿಫ್ಟರ್ ಹೋಯಿತೋ ಏನೋ ಎಂದು ಗಾಬರಿಯಾಗುತ್ತಿತ್ತು.

ಇದಕ್ಕೂ ಮೊದಲು ಎರಡು ಗಾಡಿ ನೋಡಿ ಬಿಟ್ಟಿದ್ದೆ. ಅದನ್ನೂ ಹೇಳಬೇಕು.

ಮೊದಲನೆಯದರ ಕೆಳಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರು. ಇಷ್ಟು ಹಳೇ ಗಾಡಿಗೆ ಈಗ ಯಾಕೆ ಬಳಿದರು ಅಂತ ಅನುಮಾನ ಬಂತು. ಕೇಳಿಕೊಂಡು ಸಣ್ಣ ಸುತ್ತಿಗೆಯಿಂದ ಚಾಸಿಸ್ (ಗಾಡಿಯ ಕೆಳಗಿನ ಚೌಕಟ್ಟು) ಉದ್ದಕ್ಕೂ ತಟ್ಟುತ್ತಾ ಹೋದೆ. ಮುಂದೆಲ್ಲ ಠಣ್ ಠಣ್ ಎಂದಿತು. ಹಿಂದಿನ ಚಕ್ರದ ಮೇಲೆ, ಚಾಸಿಸ್ ಬಾಗುವ ಕಡೆ, ದಪ್ ಎಂದಿತು. ಅಲ್ಲಿ ಒಳಗಿನಿಂದ ತುಕ್ಕು ತಿಂದಿತ್ತು. ಉಪ್ಪಿನ ಗಾಳಿ ಬೀಸುವ ಕಡೆ ಅಥವಾ ಹಿಮ ಕರಗಿಸೋಕೆ ಉಪ್ಪು ಎರಚುವ ರಸ್ತೆಗಳಲ್ಲಿ ಓಡಿದ ಗಾಡಿಗೆ ಹೀಗಾಗುತ್ತದೆ. ಎಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಕೊಳೆತ ಚಾಸಿಸ್ ಇರೋ ಗಾಡಿಯನ್ನು ಎಷ್ಟು ಕಡಿಮೆಗೆ ಕೊಟ್ಟರೂ ತಗೋಬೇಡಿ. ಬ್ರೇಕ್ ಪೈಪುಗಳೂ ಅದೇ ತುಕ್ಕಿನಲ್ಲೇ ಇರುತ್ತವೆ.

ಎರಡನೆಯದು ನೋಡೋಕೆ ತುಂಬಾ ಚೆನ್ನಾಗಿತ್ತು. ಮೀಟರ್‌ನಲ್ಲಿ 1,62,000 ಮಾತ್ರ. ಈ ಜಾತಿಯ ಎಷ್ಟೋ ಗಾಡಿಗಳ ಡಿಸ್‌ಪ್ಲೇಯಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತಲೂ ತೋರಿಸುತ್ತದೆ. ಅದನ್ನು ತೆಗೆದು ನೋಡಿದೆ: 7,400 ಗಂಟೆ. ಭಾಗಿಸಿ ನೋಡಿ, ಗಂಟೆಗೆ 22 ಕಿಲೋಮೀಟರ್ ಕೂಡ ಬರಲ್ಲ. ಅಂದರೆ ಗಾಡಿ ಬಹಳ ಹೊತ್ತು ಟ್ರಾಫಿಕ್‌ನಲ್ಲೋ ನಿಂತಲ್ಲೋ, ಎಸಿ ಹಾಕಿಕೊಂಡು, ಐಡಲ್‌ನಲ್ಲಿ ಉರಿದಿರಬೇಕು. ಚಕ್ರ ತಿರುಗದಿದ್ದರೂ ಎಂಜಿನ್ ಒಳಗೆ ಎಲ್ಲ ತಿರುಗುತ್ತಲೇ ಇರುತ್ತದೆ, ಆಯಿಲ್ ಹಾಳಾಗುತ್ತಲೇ ಇರುತ್ತದೆ. ನಾನು ಆಮೇಲೆ ಕೊಂಡ ಗಾಡಿ 2,31,000 ಕಿಲೋಮೀಟರ್ ಓಡಿದ್ದು 4,200 ಗಂಟೆಯಲ್ಲಿ. ಗಂಟೆಗೆ ಸರಾಸರಿ 55. ಅದು ಹೆದ್ದಾರಿಯ ಗಾಡಿ. ಮೀಟರ್ ಪ್ರಕಾರ 69,000 ಕಿಲೋಮೀಟರ್ ಜಾಸ್ತಿ ಓಡಿದ್ದರೂ ಅದರ ಎಂಜಿನ್ ದುಡಿದ ಹೊತ್ತು ಕಡಿಮೆ.

ಆ ಎರಡನೇ ಗಾಡಿಗೆ ಸ್ಕ್ಯಾನರ್ ಹಾಕಿದಾಗ ಇನ್ನೊಂದು ವಿಷಯ ಗೊತ್ತಾಯಿತು. ದೋಷ ತೋರಿಸುವ ಕೋಡ್ ಒಂದೂ ಇರಲಿಲ್ಲ. ಆದರೆ ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ 'ರೆಡಿನೆಸ್' ಪಟ್ಟಿಯಲ್ಲಿ ಬಹುತೇಕ ಎಲ್ಲವೂ 'ಮುಗಿದಿಲ್ಲ' ಎಂದೇ ತೋರಿಸಿತು. ಕೋಡ್‌ಗಳನ್ನು ಅಳಿಸಿದರೆ ಅಥವಾ ಬ್ಯಾಟರಿ ಬಿಚ್ಚಿದರೆ ಈ ಪಟ್ಟಿ ಖಾಲಿಯಾಗುತ್ತದೆ. ಮತ್ತೆ ತುಂಬೋಕೆ ಕೆಲವು ದಿನ ಬೇರೆ ಬೇರೆ ಥರ ಓಡಿಸಬೇಕು. ಚೆಕ್ ಎಂಜಿನ್ ದೀಪ ಆರಿದೆ ಅಂದರೆ ದೋಷ ಇಲ್ಲ ಅಂತಲ್ಲ. ಈ ಪಟ್ಟಿ ನೋಡೋಕೆ ಸಣ್ಣ ಬ್ಲೂಟೂತ್ ಸ್ಕ್ಯಾನರ್, ಒಂದು ಮೊಬೈಲ್ ಸಾಕು.

ಮತ್ತೆ ನನ್ನ ಗಾಡಿಗೆ ಬರೋಣ. ಓಡಿಸಿ ನೋಡುವಾಗ ಸುಮ್ನೆ ಊರೊಳಗೆ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗಲ್ಲ. ಪೂರ್ತಿ ಬಿಸಿಯಾಗಬೇಕು, ಏರು ಹತ್ತಬೇಕು. ನಾನು 40 ನಿಮಿಷ ಓಡಿಸಿದೆ. ಗಂಟೆಗೆ 70ರ ಹತ್ತಿರ, ಸಣ್ಣ ಏರಿನಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಟಾಗ ಒಂದು ನಡುಕ ಬಂತು. ಎರಡೇ ಸೆಕೆಂಡ್. ರಸ್ತೆಯಲ್ಲಿ ಸಾಲು ಸಾಲು ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ ಸೀಟಿನ ಕೆಳಗೆ ಜುಂ ಎಂದಿತು. ಕಾಲು ಸ್ವಲ್ಪ ಒತ್ತಿದೆ, ನಿಂತಿತು. ರಸ್ತೆ ನುಣ್ಣಗಿತ್ತು. ಅದು ಟಾರ್ಕ್ ಕನ್ವರ್ಟರ್‌ನ (ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್‌ಅಪ್ ಕ್ಲಚ್ ಪೂರ್ತಿ ಹಿಡಿಯದೆ ಜಾರಿ ಜಾರಿ ಹಿಡಿಯೋದರ ಲಕ್ಷಣ.

ದೊಡ್ಡ ಎಸ್‌ಯುವಿಗಳಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೆದರೋದು ಗೇರ್‌ಬಾಕ್ಸ್‌ಗೆ. ಗಾಡಿಯ ತೂಕವೇ ಎರಡೂವರೆ ಟನ್ ಹತ್ತಿರ, ಮೇಲೆ ಎಂಟು ಜನ, ಹಿಂದೆ ಟ್ರೇಲರ್. ಆ ಬಿಸಿಯೆಲ್ಲ ಗೇರ್‌ಬಾಕ್ಸ್ ಆಯಿಲ್ ತಾಳಿಕೊಳ್ಳಬೇಕು. 'ಈ ಆಯಿಲ್ ಜೀವನಪೂರ್ತಿ ಬರುತ್ತೆ' ಎಂಬ ಮಾತು ನಂಬಿ ಮುಟ್ಟದೇ ಬಿಟ್ಟವರೇ ಜಾಸ್ತಿ. ನಾನು ಷರತ್ತು ಹಾಕಿದೆ: ನನ್ನ ಮೆಕ್ಯಾನಿಕ್ ಹತ್ತಿರ ಗೇರ್‌ಬಾಕ್ಸ್‌ನ ತಳದ ಪ್ಯಾನ್ ಬಿಚ್ಚಿ ನೋಡೋಕೆ ಒಪ್ಪಿದರೆ ಮುಂದಿನ ಮಾತು. ಖರ್ಚು ನನ್ನದು. ಅವರು ಒಪ್ಪಿದರು. ಒಪ್ಪಿದ್ದೇ ಒಂದು ಒಳ್ಳೇ ಸೂಚನೆ.

ಪ್ಯಾನ್ ಕೆಳಗಿಳಿಯಿತು. ಆಯಿಲ್ ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಪ್ಯಾನ್ ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಲೇಪ ಕೂತಿತ್ತು. ಮೆಕ್ಯಾನಿಕ್ ಅದನ್ನು ಹೆಬ್ಬೆರಳಿನಿಂದ ತೆಗೆದು, ತೋರುಬೆರಳಿನ ಜೊತೆ ಉಜ್ಜಿ ನನಗೆ ತೋರಿಸಿದರು. "ನೋಡಿ, ಬೆಣ್ಣೆ ಥರ ಇದೆ. ಚುಚ್ಚಲ್ಲ. ಇದು ಸಹಜವಾದ ಸವೆತ. ಚೂರು ಸಿಕ್ಕಿದ್ದರೆ ವಾಪಸ್ ಕಳಿಸಿಬಿಡಿ ಅಂತಿದ್ದೆ." ನಾನೂ ಮುಟ್ಟಿ ನೋಡಿದೆ. ನುಣ್ಣಗಿತ್ತು, ಬೆರಳ ಗೆರೆಗಳಲ್ಲಿ ಬೂದು ಕೂತಿತು.

ಫಿಲ್ಟರ್ ಬದಲಿಸಿ ಹೊಸ ಆಯಿಲ್ ತುಂಬಿಸಿದೆವು. ಪ್ಯಾನ್ ಬಿಚ್ಚಿದರೆ ಪೂರ್ತಿ ಆಯಿಲ್ ಇಳಿಯಲ್ಲ. ಬಹಳಷ್ಟು ಕನ್ವರ್ಟರ್ ಒಳಗೇ ಉಳಿಯುತ್ತದೆ. ಹಾಗಾಗಿ ಕೊಂಡ ಮೇಲೆ ಸಾವಿರ ಸಾವಿರ ಕಿಲೋಮೀಟರ್‌ಗೆ ಇನ್ನೆರಡು ಸಲ ಇಳಿಸಿ ತುಂಬಿದೆ. ಒತ್ತಡ ಹಾಕಿ ಒಂದೇ ಸಲ ತೊಳೆಯುವ ಮೆಷಿನ್ ಬೇಡ ಎಂದೆ. ವರ್ಷಗಟ್ಟಲೆ ಕೂತ ಕೊಳೆ ಎದ್ದು ವಾಲ್ವ್‌ಗಳಲ್ಲಿ ಸಿಕ್ಕಿಕೊಳ್ಳಬಹುದು ಎಂಬ ಭಯ ನನ್ನದು. ಮೂರನೇ ಸಲದ ನಂತರ ನಡುಕ ನಿಂತಿತು, ಮತ್ತೆ ಬಂದಿಲ್ಲ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಲಾರೆ. ಕ್ಲಚ್ ಪೂರ್ತಿ ಸವೆದಿದ್ದರೆ ಕನ್ವರ್ಟರೇ ಬದಲಿಸಬೇಕು. ಅದಕ್ಕೇ ಚೌಕಾಸಿ ಮಾಡುವಾಗ ಕನ್ವರ್ಟರ್ ಹೋಗಿದೆ ಎಂದೇ ಲೆಕ್ಕ ಹಿಡಿದಿದ್ದೆ.

ಲಿಫ್ಟ್ ಮೇಲೆ ಏರಿಸಿದಾಗ ಮುಂದಿನ ಭಾಗದ ಬಣ್ಣ ಬಯಲಾಯಿತು. ಮೆಕ್ಯಾನಿಕ್ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರು, ನನ್ನ ಕೈಯನ್ನು ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಮೇಲೆ ಇರಿಸಿದರು. ಪ್ರತಿ ಸಲ ಮೀಟಿದಾಗಲೂ ಅಂಗೈಗೆ ಟಕ್ ಎಂದು ತಾಗುತ್ತಿತ್ತು. ಎರಡೂ ಕಡೆ ಕೆಳಗಿನ ಜಾಯಿಂಟ್ ಹೋಗಿದ್ದವು. ಇದು ಸದ್ದಿನ ವಿಷಯ ಮಾತ್ರ ಅಲ್ಲ. ಜಾಯಿಂಟ್ ಪೂರ್ತಿ ಕಿತ್ತರೆ ಚಕ್ರ ಮಡಚಿಕೊಳ್ಳುತ್ತದೆ. ಮನೆಯವರನ್ನು ಕೂರಿಸೋ ಮೊದಲು ಅದನ್ನು ಬದಲಿಸಿದೆ. ಜೊತೆಗೆ ಬುಷ್, ಸ್ಟೆಬಿಲೈಸರ್ ಲಿಂಕ್, ಶಾಕ್ ಅಬ್ಸಾರ್ಬರ್ ಕೂಡ.

ಟೈರ್‌ಗಳಿಗೆ ಗ್ರಿಪ್ ಚೆನ್ನಾಗಿತ್ತು, ಆದರೆ ಪಕ್ಕದ ಗೋಡೆಯ ಮೇಲೆ ಕೊನೆಯ ನಾಲ್ಕು ಅಂಕಿ 2313 ಅಂತ ಇತ್ತು. 2013ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರ್ ಗಟ್ಟಿಯಾಗಿ ಸಣ್ಣ ಸೀಳು ಬಿಟ್ಟಿತ್ತು. ಐದೂ ಬದಲಿಸಿದೆ.

ಫೋರ್ ವ್ಹೀಲ್ ಡ್ರೈವ್ ಪರೀಕ್ಷೆಯನ್ನು ಮಣ್ಣಿನ ದಾರಿಯಲ್ಲಿ ಮಾಡಿ. ಒಣ ಡಾಂಬರಿನ ಮೇಲೆ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕುವ) ಫೋರ್ ವ್ಹೀಲ್ ಹಾಕಿ ತಿರುಗಿಸಿದರೆ ಗೇರುಗಳು ಬಿಗಿದುಕೊಂಡು ಒಳ್ಳೇ ಗಾಡಿಯೂ ಕೆಡುತ್ತದೆ. ಮೂರನೇ ಸಾಲಿನಲ್ಲಿ ಕೂತು ಎಸಿ ತಂಪು ಬರುತ್ತಾ ನೋಡಿ. ಹಿಂದಿನ ಎಸಿಗೆ ಹೋಗುವ ಉದ್ದದ ಪೈಪುಗಳು ಗಾಡಿಯ ಕೆಳಗೆ ಹಾದು ಹೋಗುತ್ತವೆ, ತುಕ್ಕು ಹಿಡಿದು ಗ್ಯಾಸ್ ಸೋರುತ್ತದೆ. ಮುಂದೆ ಕೂತವರಿಗೆ ಇದು ಗೊತ್ತೇ ಆಗಲ್ಲ.

ಕೊಂಡ ಮೇಲೆ ಮೊದಲ ವರ್ಷ ಗಾಡಿಯ ಬೆಲೆಯ ಐದನೇ ಒಂದು ಭಾಗದಷ್ಟು ರಿಪೇರಿಗೇ ಹೋಯಿತು. ಅಷ್ಟನ್ನು ಮೊದಲೇ ಎತ್ತಿಟ್ಟಿದ್ದೆ, ಹಾಗಾಗಿ ಕಷ್ಟ ಅನ್ನಿಸಲಿಲ್ಲ. ಮ್ಯಾನಿಫೋಲ್ಡ್ ಬೋಲ್ಟ್ ತೆಗೆಯೋಕೆ ಅರ್ಧ ದಿನ ಬೇಕಾಯಿತು, ಮುರಿದ ತುಂಡಿಗೆ ನಟ್ ವೆಲ್ಡ್ ಮಾಡಿ ತಿರುಗಿಸಿ ತೆಗೆದರು. ಎಂಟು ತಿಂಗಳಿಗೆ ವಾಟರ್ ಪಂಪ್ ಹೋಯಿತು. ಪಂಪ್‌ನ ಕೆಳಗಿನ ಸಣ್ಣ ತೂತಿನಿಂದ ಇಳಿದು ಒಣಗಿದ ಕೂಲೆಂಟ್ ಗೆರೆ ಮೊದಲೇ ಕಂಡಿತ್ತು. ಹಾಗಾಗಿ ದಾರಿಯಲ್ಲಿ ಕೈ ಕೊಡೋ ಮೊದಲೇ ಬದಲಿಸಿದೆ, ಥರ್ಮೋಸ್ಟಾಟ್, ಹೋಸ್, ಬೆಲ್ಟ್ ಜೊತೆಗೇ. ರೇಡಿಯೇಟರ್ ಕೂಡ ಹೊಸದು ಹಾಕಿಸಿದೆ, ಹಳೆಯದು ಸೋರದಿದ್ದರೂ. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ತಂಪಾಗೋದು ರೇಡಿಯೇಟರ್ ಒಳಗೇ. ಒಳಗಡೆ ತೂತಾದರೆ ಕೂಲೆಂಟ್ ಮತ್ತು ಆಯಿಲ್ ಬೆರೆತು ಗೇರ್‌ಬಾಕ್ಸ್ ಹಾಳಾಗುತ್ತದೆ. ಮೆಕ್ಯಾನಿಕ್ ಬೇಡ ಅಂದರೂ ನಾನು ಕೇಳಲಿಲ್ಲ.

ಎಂಜಿನ್ ಆಯಿಲ್ ಕುಡಿಯೋದು ಮಾತ್ರ ಪೂರ್ತಿ ನಿಂತಿಲ್ಲ. ಮೊದಲ 3,000 ಕಿಲೋಮೀಟರ್‌ಗೆ ಒಂದೂವರೆ ಲೀಟರ್ ಕಡಿಮೆಯಾಗಿತ್ತು. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯೋಕೆ ಕಳಿಸುವ ವಾಲ್ವ್) ಬದಲಿಸಿದ ಮೇಲೆ ಅರ್ಧ ಲೀಟರ್‌ಗೆ ಇಳಿಯಿತು. ಮೊದಲು ಹೇಳಿದ ಲಿಫ್ಟರ್‌ಗಳು ಕೆಲಸ ಮಾಡೋದೇ ಆಯಿಲ್ ಒತ್ತಡದಿಂದ, ಅದಕ್ಕೇ 7,000 ಕಿಲೋಮೀಟರ್‌ಗೆಲ್ಲ ಆಯಿಲ್ ಬದಲಿಸುತ್ತೇನೆ. ಪ್ರತಿ ಭಾನುವಾರ ಡಿಪ್‌ಸ್ಟಿಕ್ ತೆಗೆದು ನೋಡಿ ಡ್ಯಾಶ್‌ಬೋರ್ಡ್‌ನಲ್ಲಿರೋ ಪುಸ್ತಕದಲ್ಲಿ ಬರೆದಿಡುತ್ತೇನೆ.

ಈಗ ಮೀಟರ್ 2,74,000 ತೋರಿಸುತ್ತಿದೆ. ಹೋದ ವಾರದಿಂದ 80 ದಾಟಿದರೆ ಗುಂಯ್ ಎಂಬ ಸದ್ದು. ಎಡಕ್ಕೆ ತಿರುಗಿಸಿದರೆ ಜೋರಾಗುತ್ತದೆ, ಬಲಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಎಡಕ್ಕೆ ತಿರುಗಿದಾಗ ಭಾರ ಬಲಗಡೆಗೆ ಬೀಳುತ್ತದೆ, ಅಂದರೆ ಬಲಗಡೆ ಮುಂದಿನ ಚಕ್ರ ತಿರುಗುವ ಹಬ್ ಬೇರಿಂಗ್ ಕೆಟ್ಟಿರಬೇಕು. ಸಾಮಾನು ತರಿಸಿದ್ದೇನೆ, ಶನಿವಾರ ಬಿಚ್ಚಬೇಕು.