ಫ್ಯಾನಿಗೆ ಸಿಕ್ಕ ಕ್ರಿಸ್ಮಸ್ ಟ್ರೀ

ಮುಂಬೈ ಫ್ಲ್ಯಾಟಿನಲ್ಲಿ ಜೀವಂತ ಕ್ರಿಸ್ಮಸ್ ಟ್ರೀ ಉಳಿಯಲ್ಲ ಅಂತ ನಮ್ಮ ಬೊರಿವಲಿ ಬಿಲ್ಡಿಂಗಿನಲ್ಲಿ ಹೇಳದವರಿಲ್ಲ. ಕ್ರಾಫರ್ಡ್ ಮಾರ್ಕೆಟ್‌ನಿಂದ ಪ್ಲಾಸ್ಟಿಕ್ ಮರ ತಂದು ಸುಮ್ನೆ ಇರಬಾರದಾ ಅಂದರು. ನಮ್ಮ ಗಿಡ ಆಗಲೇ ನಾಲ್ಕೈದು ಕ್ರಿಸ್ಮಸ್ ನೋಡಿದೆ. ಹಾಗೆ ಅಂದವರೇ ಈಗ ಅದರ ಮುಂದೆ ಸೆಲ್ಫಿ ತೆಗೆಯುತ್ತಾರೆ.

ನರ್ಸರಿಯವರು ಕ್ರಿಸ್ಮಸ್ ಟ್ರೀ ಅಂತ ಕೊಡುವುದು ಅರಾಕೇರಿಯಾ ಜಾತಿಯ ಮರ, ಹೆಚ್ಚಾಗಿ ಕುಕ್ ಪೈನ್. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಮರ ಅದು, ಉಪ್ಪುಗಾಳಿಗೆಲ್ಲ ಹೆದರಲ್ಲ. ಅದನ್ನು ಸಾಯಿಸುವುದು ಹಾಲ್ ಒಳಗಿನ ಕತ್ತಲೆ ಮತ್ತು ಮನೆಯವರೆಲ್ಲ ಪ್ರೀತಿಯಿಂದ ಸುರಿಯುವ ನೀರು. ನನ್ನ ಮೊದಲ ಗಿಡ, ಸುಮಾರು 700 ರೂಪಾಯಿಯದ್ದು, ಹಾಗೇ ಬೇರು ಕೊಳೆತು ಹೋಯಿತು. ಎರಡನೆಯದು, ಕುಂಡ ಬದಲಿಸಿದ ಮೇಲೆ, ಚೇತರಿಸಲೇ ಇಲ್ಲ. ದಪ್ಪ ಮರಳು ಹೆಚ್ಚು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಡಿಮೆ ಹಾಕಿದ ಮೇಲೆ ಮೂರನೆಯದು ನಿಂತಿತು. ಜೊತೆಗೆ ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದನ್ನು ಹೆಂಡತಿಗೂ ಹೇಳಿಲ್ಲ.

ಫ್ಯಾನಿಗೆ ಸಿಕ್ಕ ವರ್ಷ ಈ ಗಿಡ ನಾಲ್ಕಡಿ ಇತ್ತು. ಟೇಬಲ್ ಮೇಲಿಟ್ಟು, ಬಿದಿರು ಕಡ್ಡಿಗೆ ನಕ್ಷತ್ರ ಸಿಕ್ಕಿಸಿ ತುದಿಗೆ ಕಟ್ಟಿದೆ. ಫ್ಯಾನಿಗೆ ಗೇಣು ದೂರ. ಅದಕ್ಕೇ ಸ್ವಿಚ್ಚಿಗೆ ಟೇಪ್ ಹಚ್ಚಿದ್ದೆ. ಮಂಗಳೂರಿನಿಂದ ಬಂದ ಬಾವ "ಎಂಥ ಸೆಕೆ ಮಾರಾಯ" ಅಂತ ಟೇಪ್ ಕಿತ್ತು ಫ್ಯಾನ್ ಹಾಕಿಬಿಟ್ಟರು. ಜರಿ ಮಾಲೆ ರೆಕ್ಕೆಗೆ ಸುತ್ತಿಕೊಂಡಿತು. ಗಿಡ ಯಕ್ಷಗಾನದ ವೇಷದ ಹಾಗೆ ಒಂದು ಸುತ್ತು ತಿರುಗಿತು. ನಕ್ಷತ್ರ ಹಾರಿ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆಗೆ ಬಿತ್ತು. ಅದರಲ್ಲಿದ್ದ ಗುಳಿಯೊ, ಕಿಡಿಯೊ ತಿಂಡಿ ಎಲ್ಲ ಸೋಫಾ ಕೆಳಗೆ. ಪಕ್ಕದ ಮನೆ ಆಂಟಿ ಇದೂ ಕಾರ್ಯಕ್ರಮ ಅಂದುಕೊಂಡು ಚಪ್ಪಾಳೆ ಹೊಡೆದರು! ಗಾಜಿನ ಗುಂಡುಗಳಲ್ಲೇ 600 ರೂಪಾಯಿ ಹೋಯಿತು. ಪುಣ್ಯಕ್ಕೆ ಗಿಡದ ಸುಳಿ ಮುರಿಯಲಿಲ್ಲ. ಸುಳಿ ಹೋದರೆ ಅರಾಕೇರಿಯಾದ ಅಂದ ಮುಗಿಯಿತು ಅಂತ ನಿಮಗೆ ಗೊತ್ತಲ್ವಾ.

ಈಗ ಕುಂಡವನ್ನು ಒದ್ದೆ ಮರಳಿರುವ ದೊಡ್ಡ ಪೇಂಟ್ ಬಕೆಟ್ಟಿನಲ್ಲಿ ಕೂರಿಸಿ ನೆಲದ ಮೇಲೇ ಇಡುತ್ತೇನೆ. ಕಾಂಡದಿಂದ ಕಿಟಕಿ ಗ್ರಿಲ್ಲಿಗೆ ಮೀನಿನ ಗಾಳದ ದಾರ ಎರಡು ಕಡೆ. ಗಾಜಿನ ಗುಂಡು ಬಂದ್, ರಟ್ಟಿನವು ಮಾತ್ರ. ಒಳಗೆ ಹತ್ತು ದಿನಕ್ಕಿಂತ ಜಾಸ್ತಿ ಇಡಲ್ಲ, ಆಮೇಲೆ ಬಾಲ್ಕನಿ.

ನಡುವೆ ಒಂದು ವರ್ಷ ಗಾಳಿಮರದ ಕೊಂಬೆ ಬಿದಿರಿಗೆ ಕಟ್ಟಿಯೂ ನೋಡಿದೆ. ಖರ್ಚು ನೂರು ರೂಪಾಯಿ ಒಳಗೆ, ನೋಡಲೂ ಚೆನ್ನ. ಮೂರೇ ದಿನಕ್ಕೆ ಒಣಗಿ ಉದುರಿ, ಪೊರಕೆ ಹಿಡಿದವರ ಬೈಗುಳ ಬೇರೆ.

ಕುಕ್ ಪೈನ್ ಎಲ್ಲೇ ಬೆಳೆದರೂ ಸಮಭಾಜಕ ವೃತ್ತದ ಕಡೆಗೇ ವಾಲುತ್ತದೆ ಅಂತ 2017ರಲ್ಲಿ ಸಂಶೋಧಕರು ಬರೆದಿದ್ದರು. ನಮ್ಮದು ಬೆಳಕು ಹುಡುಕಿಕೊಂಡು ಎದುರು ಬಿಲ್ಡಿಂಗ್ ಕಡೆ ವಾಲುತ್ತದೆ. ವಾರಕ್ಕೊಮ್ಮೆ ಕುಂಡ ತಿರುಗಿಸಿದರೆ ಸಾಕು.

ಈಗ ಆರಡಿ ದಾಟಿದೆ. ಕೆಳಗೆ ಕಾಂಪೌಂಡಿನಲ್ಲಿ ನೆಡೋಣ ಅಂದರೆ ಸೊಸೈಟಿ ಸೆಕ್ರೆಟರಿ ಎರಡು ಸ್ಕೂಟರ್ ಪಾರ್ಕಿಂಗ್ ಹೋಗುತ್ತದೆ ಅನ್ನುತ್ತಿದ್ದಾರೆ. ಮಾತುಕತೆ ನಡೆದಿದೆ.