ಹಳೇ ಟಿಯಾರಾ ಯಾರು ಮಾಡಿದ್ದು? ಮೊದಲು ಮಗುಚಿ ನೋಡಿ

ದಾವಣಗೆರೆಯ ಹಳೇ ಅಕ್ಕಸಾಲಿಗರೊಬ್ಬರ ಕೈಗೆ ಅಜ್ಜಿಯ ಜಡೆಬಿಲ್ಲೆ ಕೊಟ್ಟು ನೋಡಿ. ಕೆಂಪು ಹರಳಿನ ಕಡೆ ಅವರ ಕಣ್ಣು ಆಮೇಲೆ ಹೋಗುತ್ತದೆ. ಮೊದಲು ಒಡವೆಯನ್ನು ಮಗುಚುತ್ತಾರೆ. ಬೆಸುಗೆ ಹೇಗಿದೆ, ಹಿಂಬದಿ ಮುಚ್ಚಿದೆಯಾ, ಒಳಗೆ ಅರಗು ತುಂಬಿದ್ದಾರಾ ಅಂತ ನೋಡುತ್ತಾರೆ. ಯುರೋಪಿನ ರಾಣಿಯರು ತೊಟ್ಟ ಟಿಯಾರಾಕ್ಕೂ, ಅಂದರೆ ತಲೆಯ ಮುಂಭಾಗದಲ್ಲಿ ನಿಲ್ಲುವ ಅರ್ಧ ಕಿರೀಟಕ್ಕೂ, ಇದೇ ಕ್ರಮ ಸರಿ. ಹರಾಜಿನ ಫೋಟೊ ನೋಡಿದ ಕೂಡಲೇ ‘ಇದು ಕಾರ್ಟಿಯೆ’ ಅಂತ ಪ್ಯಾರಿಸ್ಸಿನ ಹೆಸರಾಂತ ಒಡವೆ ಸಂಸ್ಥೆಯ ಹೆಸರು ಹೇಳಿಬಿಡುವವರೇ ಜಾಸ್ತಿ. ಹೆಸರು ಕೊನೆಗೆ ಬರಬೇಕು. ಒಡವೆ ವಿನ್ಯಾಸ ಕಲಿಯುತ್ತಿರುವ ನಮ್ಮೂರಿನ ಮಕ್ಕಳಿಗೆ ಈ ಅಭ್ಯಾಸ ಮೊದಲೇ ಬರಲಿ ಅಂತ ನನ್ನ ಆಸೆ.

1. ಲೋಹ ನೋಡಿ

19ನೇ ಶತಮಾನದ ವಜ್ರದ ಟಿಯಾರಾಗಳಲ್ಲಿ ಸಾಮಾನ್ಯವಾಗಿ ಮುಂದೆ ಬೆಳ್ಳಿ, ಹಿಂದೆ ಚಿನ್ನ. ಬೆಳ್ಳಿಯಲ್ಲಿ ಕೂರಿಸಿದರೆ ವಜ್ರ ಬೆಳ್ಳಗೆ ಕಾಣುತ್ತದೆ. ಆದರೆ ಬೆಳ್ಳಿ ಕಪ್ಪಾಗುತ್ತದೆ, ಕೂದಲಿಗೂ ಹಣೆಗೂ ಕಪ್ಪು ಹತ್ತುತ್ತದೆ. ಅದಕ್ಕೇ ಹಿಂದೆ ಚಿನ್ನ. 1900ರ ಆಸುಪಾಸಿನಿಂದ ಪ್ಲಾಟಿನಂ ಬಳಕೆ ಹೆಚ್ಚಿತು. ಅದು ಗಟ್ಟಿ, ಕಪ್ಪಾಗುವುದಿಲ್ಲ. ಹಾಗಾಗಿ ತಂತಿ ತೆಳುವಾಯಿತು, ಕೆಲಸ ಜಾಲರಿಯಷ್ಟು ಹಗುರವಾಯಿತು. ಪೂರ್ತಿ ಪ್ಲಾಟಿನಂನಲ್ಲೇ ಮಾಡಿದ ಟಿಯಾರಾವನ್ನು ‘1850ರದ್ದು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

2. ಹರಳಿನ ಕಡಿತ ನೋಡಿ

ಭೂತಗನ್ನಡಿ ಹಿಡಿಯಿರಿ. ಹಳೇ ಕಡಿತದ ವಜ್ರಗಳಲ್ಲಿ ಕೆಳತುದಿಯನ್ನು ಚಪ್ಪಟೆ ಮಾಡಿರುತ್ತಾರೆ. ಮೇಲಿನಿಂದ ನೋಡಿದರೆ ನಡುವೆ ಪುಟ್ಟ ತೂತಿದ್ದಂತೆ ಕಾಣುತ್ತದೆ. ಎಲ್ಲ ಹರಳೂ ಒಂದೇ ಅಳತೆ, ಒಂದೇ ಹೊಳಪು, ತುದಿ ಚೂಪು ಅಂದರೆ 20ನೇ ಶತಮಾನದ ಕಡಿತ ಇರಬಹುದು. ಆಮೇಲೆ ಹರಳು ಬದಲಿಸಿರಲೂಬಹುದು. ದಕ್ಷಿಣ ಆಫ್ರಿಕಾದಲ್ಲಿ 1867ರಲ್ಲಿ ವಜ್ರ ಸಿಕ್ಕಿತು. 1870ರ ನಂತರ ಟಿಯಾರಾಗಳ ಮೇಲೆ ವಜ್ರದ ಸಾಲು ದಟ್ಟವಾಗಲು ಅದೊಂದು ದೊಡ್ಡ ಕಾರಣ.

3. ಈಗ ಶೈಲಿ

ಗ್ರೀಕ್ ಅಂಚು, ಲಾರೆಲ್ ಎಲೆ, ಮುಖ ಕೆತ್ತಿದ ಕಲ್ಲುಗಳಿದ್ದರೆ ನೆಪೋಲಿಯನ್ ಕಾಲದ ರುಚಿ. ಹೂ, ಗೋಧಿ ತೆನೆ, ಸ್ಪ್ರಿಂಗ್ ಮೇಲೆ ಅಲುಗಾಡುವ ಎಸಳು ಇದ್ದರೆ 19ನೇ ಶತಮಾನದ ನಡುಭಾಗವನ್ನು ಯೋಚಿಸಿ. ರಿಬ್ಬನ್ ಗಂಟು, ತೂಗುವ ಹೂಮಾಲೆ 1900ರ ಸುತ್ತಿನದು. ಹಣೆಗೆ ಪಟ್ಟಿಯಂತೆ ಕಟ್ಟುವ, ಗೆರೆ–ಕೋನದ ವಿನ್ಯಾಸ 1920ರ ದಶಕದ್ದು.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಶೈಲಿ ಯಾವ ದೇಶದ್ದೋ ತಯಾರಕರೂ ಅದೇ ದೇಶದವರು ಅಂದುಕೊಳ್ಳುತ್ತಾರೆ. ಬ್ರಿಟನ್ನಿನ ಆಗಿನ ಯುವರಾಣಿ ಅಲೆಕ್ಸಾಂಡ್ರಾಗೆ 1888ರಲ್ಲಿ ಸಿಕ್ಕ ಟಿಯಾರಾ ರಷ್ಯಾದ ಹೆಂಗಸರ ಕೊಕೊಶ್ನಿಕ್ ಎಂಬ ತಲೆಯುಡುಗೆಯ ಆಕಾರದ್ದು. ಮಾಡಿದ್ದು ಮಾತ್ರ ಲಂಡನ್ನಿನ ಗರಾರ್ಡ್ ಎಂಬ ಒಡವೆ ಸಂಸ್ಥೆ. ರಷ್ಯಾದಲ್ಲೇ 1874ರ ಸುಮಾರಿಗೆ ಬೋಲಿನ್ ಸಂಸ್ಥೆ ಅಲ್ಲಿನ ರಾಜಮನೆತನದ ವ್ಲಾದಿಮಿರ್‌ನ ಹೆಂಡತಿಗೆಂದು ಮಾಡಿದ ವ್ಲಾದಿಮಿರ್ ಟಿಯಾರಾದಲ್ಲಿ ಆ ಆಕಾರವೇ ಇಲ್ಲ. ಅದರಲ್ಲಿರುವುದು ಒಂದಕ್ಕೊಂದು ಹೆಣೆದ ಬಳೆಗಳು.

4. ಮುದ್ರೆ ಹುಡುಕಿ

ನಮ್ಮ ಚಿನ್ನದ ಮೇಲೆ ಬಿಐಎಸ್ ಗುರುತು ಇರುತ್ತದಲ್ವಾ, ಹಾಗೆಯೇ ಅಲ್ಲೂ. ಫ್ರಾನ್ಸ್‌ನಲ್ಲಿ 18 ಕ್ಯಾರೆಟ್ ಚಿನ್ನಕ್ಕೆ 1838ರಿಂದ ಹದ್ದಿನ ತಲೆ, ಪ್ಲಾಟಿನಂಗೆ 1912ರಿಂದ ನಾಯಿಯ ತಲೆ. ತಯಾರಕರ ಅಕ್ಷರಗಳು ಇಸ್ಪೀಟಿನ ಡೈಮಂಡ್ ಆಕಾರದ ಚೌಕಟ್ಟಿನೊಳಗೆ ಇರುತ್ತವೆ. ರಷ್ಯಾದ ಚಿನ್ನದಲ್ಲಿ 56 ಅಂತಿದ್ದರೆ 14 ಕ್ಯಾರೆಟ್. ಜೊತೆಗಿರುವ ಹೆಣ್ಣಿನ ತಲೆ ಎಡಕ್ಕೆ ನೋಡುತ್ತಿದ್ದರೆ 1908ಕ್ಕಿಂತ ಮೊದಲು, ಬಲಕ್ಕಿದ್ದರೆ ಆಮೇಲೆ. ಬ್ರಿಟನ್ನಿನ ಎಷ್ಟೋ ಹಳೇ ಟಿಯಾರಾಗಳಲ್ಲಿ ಮುದ್ರೆಯೇ ಇಲ್ಲ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ.

ಪಿನ್ನು, ಕೊಕ್ಕೆ, ಹಿಂದಿನ ಚೌಕಟ್ಟು ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ. ಚೌಕಟ್ಟನ್ನು ಆಮೇಲೆ ಸೇರಿಸಿರಬಹುದು. ಆಗ ಅದರ ಮೇಲಿನ ಮುದ್ರೆ ಚೌಕಟ್ಟಿನ ಕಥೆಯನ್ನಷ್ಟೇ ಹೇಳುತ್ತದೆ. ದಯವಿಟ್ಟು ಒರೆಗಲ್ಲಿಗೆ ಉಜ್ಜಬೇಡಿ.

5. ಪೆಟ್ಟಿಗೆ ಮತ್ತು ಹಳೇ ಚಿತ್ರ

ಟಿಯಾರಾ ಅಳತೆಗೇ ಮಾಡಿದ ಚರ್ಮದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಒಳಗಿನ ರೇಷ್ಮೆ ಬಟ್ಟೆಯ ಮೇಲೆ ಅಂಗಡಿಯ ಹೆಸರು, ವಿಳಾಸ ಇರುತ್ತದೆ. ಪ್ಯಾರಿಸ್ಸಿನ ‘13, ರೂ ದ ಲಾ ಪೇ’ ಅಂತಿದ್ದರೆ ಕಾರ್ಟಿಯೆ ಅಲ್ಲಿಗೆ ಬಂದದ್ದು 1899ರಲ್ಲಿ. ಪೆಟ್ಟಿಗೆ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಒಡವೆ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರುತ್ತದಾ ಅಂತಲೂ ನೋಡಿ. ಮಾರಿದವರೇ ಮಾಡಿದವರಲ್ಲದೆ ಇರಬಹುದು.

ಹಳೇ ಫೋಟೊ ಹೋಲಿಸುವಾಗ ತೊಟ್ಟವರ ಮುಖ ಬಿಡಿ, ಒಡವೆಯ ವ್ಯತ್ಯಾಸ ಹುಡುಕಿ. 1911ರ ದೆಹಲಿ ದರ್ಬಾರಿಗೆಂದು ಗರಾರ್ಡ್ ಮಾಡಿದ ಬ್ರಿಟನ್ನಿನ ರಾಣಿ ಮೇರಿಯ ಟಿಯಾರಾದ ಮೇಲೆ ಮೊದಲು ಪಚ್ಚೆಗಳ ಸಾಲಿತ್ತು. ನಂತರ ಅವನ್ನು ತೆಗೆದರು. ಎರಡು ಚಿತ್ರ ಪಕ್ಕದಲ್ಲಿಟ್ಟರೆ ಎರಡು ಬೇರೆ ಟಿಯಾರಾ ಅನ್ನಿಸುತ್ತದೆ. ಕೆಳಗಿನ ಸುರುಳಿಗಳನ್ನು ಹೋಲಿಸಿದಾಗಲೇ ಒಂದೇ ಅಂತ ಗೊತ್ತಾಗುವುದು.

ಇಷ್ಟೆಲ್ಲ ಆದ ಮೇಲೆ ಹೆಸರು ಬರೆಯಿರಿ. ಮುದ್ರೆ, ಪೆಟ್ಟಿಗೆ, ಸಂಸ್ಥೆಯ ದಾಖಲೆ ಇವುಗಳಲ್ಲಿ ಒಂದೂ ಇಲ್ಲದಿದ್ದರೆ ‘ಸುಮಾರು 1905, ಬೆಳ್ಳಿ–ಚಿನ್ನ, ಹೂಮಾಲೆ ಶೈಲಿ, ತಯಾರಕರು ಗೊತ್ತಿಲ್ಲ’ ಅಂತ ಬರೆದರೆ ಸಾಕು.